ಮೊಳೆಗೆ ತೂಗಿಬಿಟ್ಟ ರೊಟ್ಟಿ ಗಂಟು

"ರೊಟ್ಟಿ ಗಂಟು ಎಲ್ಲಿ ಹೋತು?"

ಪ್ರಮಿಲಾ ಇದನ್ನು ನಮ್ಮಲ್ಲಿ ಯಾರಿಗೂ ಕೇಳಲಿಲ್ಲ. ಕ್ರೂಸರ್ ಗಾಡಿಯ ಹಿಂಬಾಗಿಲು ತೆರೆದು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ಭೀಮಾ ನದಿಯ ಬಯಲಿಗೆ ಕೇಳಿದಳು. ನದಿಯಾದರೂ ಎಲ್ಲಿತ್ತು? ವೈಶಾಖದ ಬಿಸಿಲಿಗೆ ಸೊರಗಿ ಆಚೆ ದಂಡೆಗೆ ಒತ್ತಿಕೊಂಡು ಹರಿಯುತ್ತಿತ್ತು. ನಮ್ಮ ಕಡೆ ಬರೀ ಮರಳು, ಮರಳಿನಲ್ಲಿ ಅಲ್ಲಲ್ಲಿ ಕಲ್ಲಂಗಡಿ ಬಳ್ಳಿ, ನೆರಳಿಗೆಂದು ಒಂದೇ ಒಂದು ಜಾಲಿ ಗಿಡ.

ಗಿಡದ ಕೆಳಗೆ ಚಾಪೆ ಹಾಸುತ್ತಿದ್ದ ಶೈಲಶ್ರೀ ತಲೆ ಎತ್ತದೆ, "ಹಿಂದಿನ ಸೀಟಿನ ಕೆಳಗ ನೋಡು. ಅಲ್ಲೇ ಇಟ್ಟಿರ್ತಿ ನೀ" ಎಂದಳು.

"ನಾ ಯಾಕ ಇಡ್ಲಿ? ರೊಟ್ಟಿ ತಂದಾಕಿ ನೀ."

"ಜೇವರ್ಗಿಯಿಂದ ನಿಮ್ಮ ಮನಿತನಕ ತಂದಾಕಿ ನಾ. ನಿಮ್ಮ ಮನಿಯಿಂದ ಗಾಡಿತನಕ ತರೂದು ನಿಂದು. ಅಷ್ಟೂ ತಿಳಿಯೂದಿಲ್ಲೇನು, ಗಣಿತದ ಮಾಸ್ತರಬಾಯಿಗೆ?"

ಮೊಬೈಲ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತ ಮರಳಿನಲ್ಲಿ ತಿರುಗುತ್ತಿದ್ದ ಮನೀಷಾ ನಿಂತಳು. "ಅಂದ್ರ ರೊಟ್ಟಿ ಬಂದೇ ಇಲ್ಲೇನು?"

ನಾನು ಸೂರ್ಯನನ್ನು ನೋಡಿದೆ. ಸೂರ್ಯ ನೆತ್ತಿಯ ಮೇಲಿದ್ದ. ಸಂಜೆ ನಾಲ್ಕಕ್ಕೆ ನಾನು ಮಟಕಿಯಲ್ಲಿರಬೇಕಿತ್ತು.

ನಾವು ನಾಲ್ವರೂ ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಒಂದೇ ಖೋಲಿಯಲ್ಲಿದ್ದವರು. ಪ್ರಮಿಲಾ ಈಗ ಅಫಜಲಪುರದ ಸೊಸೆ, ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಶೈಲಶ್ರೀಯ ಗಂಡನದು ಜೇವರ್ಗಿಯಲ್ಲಿ ತೊಗರಿ ವ್ಯಾಪಾರ; ಹೆಸರು ಗಂಡನದು, ವ್ಯಾಪಾರ ನಡೆಸುವ ಬಾಯಿ ಇವಳದು. ಮನೀಷಾ ಆಳಂದದ ಬ್ಯಾಂಕಿನಲ್ಲಿದ್ದಾಳೆ. ನಾನು ಅದೇ ಊರಿನ ದವಾಖಾನೆಯಲ್ಲಿ ನರ್ಸು. ಪ್ರತಿ ಬೇಸಗೆಗೆ ಒಂದು ದಿನ, ಗಂಡ ಮಕ್ಕಳನ್ನು ಬಿಟ್ಟು, ಬುತ್ತಿ ಕಟ್ಟಿಕೊಂಡು ಎಲ್ಲಿಗಾದರೂ ಹೋಗಿ ಉಂಡು ಬರುತ್ತೇವೆ. ಈ ವರ್ಷ ನಾಲ್ವರಿಗೂ ಸೇರಿ ಬಂದ ರಜೆ ಒಂದೇ: ಅಕ್ಷಯ ತದಿಗೆ, ಬಸವ ಜಯಂತಿ. ಆ ದಿನ ಬರುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ.

ಆಳಂದ ತಾಲೂಕಿನ ಮಟಕಿ ನನ್ನ ತವರು. ಅಲ್ಲಿಯ ಗುಡಿಯಲ್ಲಿ ಊರಿಗೆಲ್ಲ ಅಜ್ಜನಾದ ಶಾಂತಲಿಂಗಪ್ಪ ಮುತ್ಯಾ ಪ್ರತಿ ವರ್ಷ ಬಸವ ಜಯಂತಿಗೆ ಮುಗಿಯುವಂತೆ ಶರಣರ ಕಥೆಯನ್ನು ಹಾಡಿ ಹೇಳುತ್ತಾರೆ. ಎದುರಿಗೆ ಪುಸ್ತಕ ಇರುವುದಿಲ್ಲ. ಕಣ್ಣು ಮುಚ್ಚಿ, ಎಡಗೈ ಮೊಣಕಾಲ ಮೇಲಿಟ್ಟು, ನುಡಿಯ ಮೇಲೆ ನುಡಿ. ಜಯಂತಿಯ ದಿನ ಬಿಸಿಲು ಇಳಿಯುವಾಗ ಕೊನೆಯ ಭಾಗ ಶುರುವಾಗಿ, ದೀಪ ಹಚ್ಚುವ ಹೊತ್ತಿಗೆ ಮಂಗಲ. ಮಂಗಲ ಹಾಡಿದ ಮೇಲೆ ಅವರು ಮತ್ತೆ ನುಡಿ ಎತ್ತುವುದಿಲ್ಲ. ಆ ಕೊನೆಯ ಭಾಗದಲ್ಲಿ ಒಂದು ಕಡೆ ಅವರು ಧಾಟಿ ಬದಲಿಸುತ್ತಾರೆ. ಓಡುತ್ತಿದ್ದ ನುಡಿ ನಡೆಯತೊಡಗುತ್ತದೆ. ಅಲ್ಲಿಗೆ ಬಂದಾಗ ನನ್ನವ್ವ ಪ್ರತಿ ವರ್ಷ ಅಳುತ್ತಿದ್ದಳು. ಅವಳ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದ ನನಗೆ ಅವಳ ಕಣ್ಣೀರು ಹಣೆಯ ಮೇಲೆ ಬಿದ್ದಾಗ ಎಚ್ಚರವಾಗುತ್ತಿತ್ತು. ಯಾಕೆ ಅಳುತ್ತೀ ಎಂದು ಆಗ ಕೇಳಲಿಲ್ಲ. ಈಗ ಕೇಳಲು ಅವ್ವ ಇಲ್ಲ. ಮದುವೆ, ಬಾಣಂತನ, ಡ್ಯೂಟಿ ಎಂದು ಎಷ್ಟೋ ವರ್ಷ ನನಗೆ ಆ ಕೊನೆಯ ದಿನವೇ ಸಿಕ್ಕಿರಲಿಲ್ಲ. ಈ ಸಲ ಮುತ್ಯಾ ಮೊದಲ ದಿನವೇ ಹೇಳಿಬಿಟ್ಟಿದ್ದರಂತೆ: "ಹಲ್ಲು ಹೋಗ್ಯಾವ, ಉಸಿರು ನಿಲ್ಲವಲ್ದು. ಈ ವರ್ಷ ಮಂಗಲ ಆದ್ರ ನನ್ನ ಹೇಳೂದು ಮುಗೀತು. ಅರ್ಧಮರ್ಧ ಹೇಳಿ ಶರಣರಿಗೆ ಅಪಮಾನ ಮಾಡೂದಿಲ್ಲ." ಮೊಬೈಲಿನಲ್ಲಿ ಹಿಡಿದಿಡಲು ಅವರು ಯಾರಿಗೂ ಬಿಟ್ಟವರಲ್ಲ.

ಇದನ್ನೆಲ್ಲ ಶೈಲಶ್ರೀಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ಅವಳು ಪೂರ್ತಿ ಕೇಳಿ, "ಇಷ್ಟೇನಾ? ನಾಲ್ಕು ಬಡಿಯೂದ್ರಾಗ ಮಟಕಿ ಗುಡಿ ಮುಂದ ನಿನ್ನ ಇಳಸ್ತೇನಿ. ಗಾಡಿ ನಂದು, ಡ್ರೈವರ್ ನನ್ನಾಂವ, ಮಾತು ನಂದು. ನೀ ಇಲ್ದ ನಾವು ಮೂರು ಮಂದಿ ಏನ್ ಮಾರಿ ಮಾರಿ ನೋಡ್ಕೋತ ಕುಂದ್ರೂದೇನು?" ಎಂದಿದ್ದಳು. ನಾನು ಒಪ್ಪಿದೆ. ಅವಳಿಗೆ ಇಲ್ಲವೆಂದವರನ್ನು ಹಾಸ್ಟೆಲ್ಲಿನ ದಿನಗಳಿಂದ ನಾನು ಕಂಡೇ ಇಲ್ಲ.

ಈಗ ಜಾಲಿ ಗಿಡದ ಕೆಳಗೆ ಪಂಚಾಯಿತಿ ಶುರುವಾಯಿತು.

"ನಾ ಒಳಗ ಬಂದಕೂಡ್ಲೆ ಗಂಟು ನಿಮ್ಮತ್ತಿ ಕೈಯಾಗ ಕೊಡಾಕ ಹೋದೆ" ಎಂದಳು ಶೈಲಶ್ರೀ. "ಅವರು ಮುಟ್ಲಿಲ್ಲ. ಕಣ್ಣಿಲೇ ಮೊಳಿ ತೋರ್ಸಿದ್ರು. ಪಡಸಾಲಿ ಗ್ವಾಡಿ ಮೊಳಿಗೆ ತೂಗಹಾಕ್ದೆ."

"ಹೊರಗಿನ ಅಡಿಗಿ ಒಳಗ ಒಯ್ಯೂದಿಲ್ಲ ನಮ್ಮಲ್ಲೆ, ನಿನಗ ಗೊತ್ತದ. ಇವತ್ತಂತೂ ಚೈತ್ರಗೌರಿ ಕೂತಾಳ."

"ಹೌದು. ಮತ್ತ ನೀ ಅದರ ಮುಂದಿಂದನ ದಾಟಿ ಬಂದಿ. ತಗೋಬಾರದೇನು?"

"ನಾ ಮಡೀಲಿದ್ದೆ! ನೈವೇದ್ಯ ಹಿಡ್ಕೊಂಡು ಹೊಂಟಾಕಿ ನಿನ್ನ ರೊಟ್ಟಿ ಹೆಂಗ ಮುಟ್ಲಿ? ಮುಟ್ಟಿದ್ರ ಮತ್ತ ಸ್ನಾನ ಮಾಡಬೇಕಾಗ್ತಿತ್ತು. ಆಮ್ಯಾಲೆ ಸೀರಿ ಬದಲಿಸಿ ಬರೂದ್ರಾಗ ನೀ ಹಾರ್ನ್ ಹೊಡಸ್ಲಿಕ್ಕೆ ಶುರು ಮಾಡ್ದಿ. ಗುರಮ್ಮ ಅಲ್ಲೇ ಇದ್ಲು, ಮೊಳಿ ಕೆಳಗನ."

ಮೂವರೂ ನನ್ನ ಕಡೆ ನೋಡಿದರು. ಇದ್ದೆ, ನಿಜ. ಆಳಂದದಿಂದ ಮೊದಲನೆಯ ಬಸ್ಸಿಗೆ ಹೊರಟಿದ್ದೆ. ಲಿಂಗಪೂಜೆ ಆಗದೆ ನಾನು ನೀರೂ ಮುಟ್ಟುವುದಿಲ್ಲ. ಪ್ರಮಿಲಾಳ ಪಡಸಾಲೆಯಲ್ಲಿ ಒಂದು ಮೂಲೆ ಕೇಳಿ ಪಡೆದು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದೆ. ಆ ಹೊತ್ತಿನಲ್ಲಿ ತಲೆಯ ಮೇಲೆ ರೊಟ್ಟಿಯಿದೆಯೋ ರೋಹಿಣಿಯಿದೆಯೋ ಯಾರು ನೋಡುತ್ತಾರೆ?

"ನಾ ಪೂಜಾದಾಗಿದ್ದೆ" ಎಂದೆ.

"ನಾ ಫೋನಿನ್ಯಾಗಿದ್ದೆ" ಎಂದಳು ಮನೀಷಾ, ಯಾರೂ ಕೇಳದಿದ್ದರೂ.

ಹೀಗೆ ಒಬ್ಬಳು ಮಡಿಯಲ್ಲಿ, ಒಬ್ಬಳು ಪೂಜೆಯಲ್ಲಿ, ಒಬ್ಬಳು ಫೋನಿನಲ್ಲಿ, ಒಬ್ಬಳು ಹಾರ್ನಿನಲ್ಲಿ. ನಾಲ್ವರೂ ಆ ಗಂಟಿನ ಕೆಳಗಿಂದಲೇ ಹಾದು ಗಾಡಿ ಹತ್ತಿದ್ದೆವು.

"ಇರ್ಲಿ ಬಿಡ್ರಿ" ಎಂದೆ ನಾನು. "ನನ್ನ ಪುಂಡಿಪಲ್ಯ ಅದ, ಶೈಲಾನ ಬದನಿಕಾಯಿ ಅದ, ಮನೀಷಾನ ಮೊಸರು ಅದ, ಪ್ರಮಿಲಾನ ಶೇಂಗಾ ಹೋಳಿಗಿ ಅದ. ಹೋಳಿಗಿ ತಿಂದು, ಮೊಸರು ಕುಡುದು ಏಳೂಣು."

"ರೊಟ್ಟಿ ಇಲ್ದ?" ಶೈಲಶ್ರೀ ಎದೆ ಮುಟ್ಟಿಕೊಂಡಳು. "ಪುಂಡಿಪಲ್ಯ ಏನು ಚಮಚಾಲೆ ತಿನ್ನೂದೇನು? ಮತ್ತ ನಮ್ಮ ಕಾಯ್ದೆ?"

ಕಾಯ್ದೆ ಮಾಡಿದವಳು ಮನೀಷಾ. ಮೊದಲ ವರ್ಷ ಅವಳ ಬಸ್ಸು ತಡವಾಗಿ, ಬರುವುದರಲ್ಲಿ ನಾವು ಮೂವರು ಡಬ್ಬಿಗಳನ್ನು ಬಳಿದಿಟ್ಟಿದ್ದೆವು. ಖಾಲಿ ಡಬ್ಬಿ ನೋಡಿ ಅವಳು ರಸ್ತೆಯಲ್ಲೇ ಕೂತು ಅತ್ತಳು. ಅಂದಿನಿಂದ ನಾಲ್ವರ ಬುತ್ತಿಯೂ ಪೂರ್ತಿ ಬಿಚ್ಚಿ ನಡುವೆ ಇಡುವವರೆಗೆ ಯಾರೂ ತುತ್ತು ಎತ್ತಬಾರದು. ಹಸಿದರೂ, ಮಳೆ ಬಂದರೂ. ಒಳ್ಳೆಯ ಕಾಯ್ದೆಯೇ. ನಾನೂ ಅದಕ್ಕೆ ತಲೆಯಾಡಿಸಿದವಳೇ. ಇಂದು ಮಾತ್ರ ಅದನ್ನು ಭೀಮೆಯ ಮರಳಿನಲ್ಲಿ ಹೂತುಬಿಡಬೇಕೆನ್ನಿಸಿತು.

"ಹಫೀಜಣ್ಣ!" ಶೈಲಶ್ರೀ ಕೂಗಿದಳು. "ಅಫಜಲಪುರಕ್ಕ ಹೋಗಿ ರೊಟ್ಟಿ ಗಂಟು ತರ್ತಿರೇನು? ಹಿಂಗ ಹೋಗಿ ಹಿಂಗ ಬರ್ರಿ."

ಗಾಡಿಯ ನೆರಳಿನಲ್ಲಿ ಕೂತಿದ್ದ ಡ್ರೈವರ್ ಹಫೀಜ ಎದ್ದು ಟವೆಲ್ ಜಾಡಿಸಿದ. "ಮೊದಲ ಹೇಳಿದ್ರ ನಾನೇ ತರ್ತಿದ್ದೆ ಅಕ್ಕಾ. ನಾ ಮಡಿಯಾಗೂ ಇದ್ದಿಲ್ಲ, ಪೂಜಾದಾಗೂ ಇದ್ದಿಲ್ಲ, ಖಾಲಿ ಕೂತಿದ್ದೆ." ನಗುತ್ತ ಗಾಡಿ ಹತ್ತಿ ಹೋದ.

ಹೋದವನು ಬರಲಿಲ್ಲ. ಜಾಲಿಯ ನೆರಳು ಮೆಲ್ಲಗೆ ಚಾಪೆಯಿಂದ ಸರಿಯಿತು. ನಾವು ಚಾಪೆಯನ್ನು ಅದರ ಹಿಂದೆ ಎಳೆದೆವು. ಮತ್ತೆ ಸರಿಯಿತು, ಮತ್ತೆ ಎಳೆದೆವು. ಫೋನು ಹತ್ತುತ್ತಿರಲಿಲ್ಲ. ಮುಚ್ಚಿದ ಡಬ್ಬಿಯೊಳಗಿಂದ ಬದನೆಕಾಯಿಯ ವಾಸನೆ ಬಂದು ಬಂದು ಕೆಣಕುತ್ತಿತ್ತು. ಶೈಲಶ್ರೀ ತನ್ನ ನಾದಿನಿಯ ಮದುವೆಯ ಕಥೆ ಶುರು ಮಾಡಿದಳು. ಅದು ನನಗೆ ಬಾಯಿಪಾಠ. ನಾನು ಕೇಳಬೇಕಾದ ಬಾಯಿಪಾಠ ಬೇರೆ ಇತ್ತು, ಕಿವಿಗೆ ಬೀಳುತ್ತಿದ್ದದ್ದು ಇದು.

"ನಿನ್ನ ಮಾರಿ ಯಾಕ ಹಿಂಗಾಗ್ಯದ ಬೇ, ಗುರಮ್ಮ?" ಕಥೆ ನಿಲ್ಲಿಸಿ ಅವಳೇ ಕೇಳಿದಳು.

"ಹೊತ್ತು ನೋಡಾಕತ್ತೇನಿ."

"ಹೊತ್ತು ಎಲ್ಲೂ ಓಡಿ ಹೋಗೂದಿಲ್ಲ. ಹೆದರಬ್ಯಾಡ, ನಾ ಇದ್ದೇನಲ್ಲ."

ಕೊನೆಗೆ ಧೂಳೆಬ್ಬಿಸುತ್ತ ಗಾಡಿ ಬಂತು. ಹಫೀಜನ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ದೊಡ್ಡ ಡಬ್ಬಿ.

"ಏನ್ ಮಾಡ್ಲಿ ಅಕ್ಕಾ, ದೊಡ್ಡಮ್ಮ ಬಿಡ್ಲಿಲ್ಲ" ಎಂದ. "ಬಿಸಲಾಗ ಬಂದಿಯಪ್ಪಾ ಅಂತ ಪಾನಕ ಕೊಟ್ರು. ಆಮ್ಯಾಲ, ಹೆಣ್ಮಕ್ಕಳು ಬರೇ ಪಲ್ಯದಾಗ ರೊಟ್ಟಿ ಹೆಂಗ ತಿಂತಾರ, ಕೋಸಂಬರಿ ಕೊಡ್ತೇನಿ, ಕೂಡು ಅಂದ್ರು. ಆಗೇ ಬ್ಯಾಳಿ ನೆನಿ ಹಾಕಿದ್ರು."

"ನೆನಿ ಹಾಕಿದ್ರು?" ಎಂದೆ ನಾನು.

"ಹೌದ್ರಿ. ನೆನಿಬೇಕಲ್ರಿ."

ಮೂವರೂ ಬಿದ್ದು ಬಿದ್ದು ನಕ್ಕರು. ಪ್ರಮಿಲಾಳ ಅತ್ತೆಯ ಪ್ರೀತಿಯ ಮೇಲೆ ಸಿಟ್ಟಾಗುವುದು ಪಾಪ. ನಾನು ಆ ಪಾಪ ಮಾಡಿದೆ. ಡಬ್ಬಿಗಳೆಲ್ಲ ತೆರೆದುಕೊಂಡವು. ಕಟಿರೊಟ್ಟಿ ಮುರಿಯುವ ಸದ್ದು, ಹುಳಿಹುಳಿ ಪುಂಡಿಪಲ್ಯ, ಮೇಲೆ ಗಟ್ಟಿ ಮೊಸರು. ಹಫೀಜನನ್ನೂ ಕರೆದು ಕೂರಿಸಿ ಎಲ್ಲರೂ ಉಂಡೆವು. ಊಟ ಕೆಟ್ಟದಾಗಿದ್ದರೆ ನನ್ನ ಸಿಟ್ಟಿಗಾದರೂ ಒಂದು ಆಧಾರ ಇರುತ್ತಿತ್ತು. ಕೋಸಂಬರಿಯನ್ನಂತೂ ನಾನೇ ಎರಡು ಸಲ ನೀಡಿಸಿಕೊಂಡೆ.

ಕೈ ತೊಳೆದು ನಾನು ಡಬ್ಬಿ ಕಟ್ಟುತ್ತಿದ್ದಾಗ ಶೈಲಶ್ರೀ ಆಗಲೇ ಕಲ್ಲಂಗಡಿ ಬಳ್ಳಿಗಳ ನಡುವೆ ಇದ್ದಳು. ಅಲ್ಲಿ ಕಲ್ಲಂಗಡಿ ಬೆಳೆಯುವ ದಶರಥನೆಂಬವನ ಗುಡಿಸಲ ಮುಂದೆ ನಿಂತು, ಅವನ ಹೆಂಡತಿಯ ತವರು ಜೇವರ್ಗಿ ಕಡೆಯದೆಂಬುದನ್ನು ಹೇಗೋ ಹೊರಡಿಸಿದ್ದಳು. ಮಾರಾಟಕ್ಕೆ ಇಟ್ಟಿಲ್ಲ, ವ್ಯಾಪಾರಿಗೆ ಮಾತು ಕೊಟ್ಟಿದ್ದೇನೆ ಎನ್ನುತ್ತಿದ್ದ ಆ ಮನುಷ್ಯ, ಅವಳ ಎರಡು ಮಾತಿಗೇ ಕುಡುಗೋಲು ತಂದ.

"ಶೈಲಾ, ಸಾಕು ಬಾ" ಎಂದು ಕೂಗಿದೆ.

"ಅಯ್ಯ, ಅಳ್ಯಾ ಆಗಬೇಕು ನನಗ ಇಂವ! ಒಂದು ಹಣ್ಣು ತಿನ್ನದ ಹೋದ್ರ ಏನ್ ತಿಳ್ಕೊಂತಾನ?"

ಒಂದು ಹಣ್ಣು ಕೊಯ್ದ. ಸಪ್ಪಗಿದೆ ಎಂದು ಅವನೇ ನಾಚಿ ಇನ್ನೊಂದು ಕೊಯ್ದ. ಅದು ಸಿಹಿಯಿತ್ತು; ಸಿಹಿ ಇದೆಯೆಂದು ಮತ್ತೊಂದು. ಆಮೇಲೆ ನದಿಯ ಕಡೆ ಮುಖ ಮಾಡಿ ಫೋಟೊ, ಬೆನ್ನು ಮಾಡಿ ಫೋಟೊ. ಮನೀಷಾಳ ಕಣ್ಣು ಮುಚ್ಚಿದ್ದಕ್ಕೆ ಮತ್ತೆ ಫೋಟೊ. ಪ್ರತಿಯೊಂದರಲ್ಲೂ ನಾನು ಸೂರ್ಯನನ್ನೇ ನೋಡುತ್ತಿದ್ದೆನೆಂದು ಆಮೇಲೆ ಗೊತ್ತಾಯಿತು.

"ಮೂರು ಹೊಡೀತು" ಎಂದೆ.

"ಹೊಡೀಲಿ. ನಾಲ್ಕು ಅಂದಿದ್ದೆನಲ್ಲ? ನಾಲ್ಕಕ್ಕ ಶುರು, ದೀಪ ಹಚ್ಚಿದ ಮ್ಯಾಲ ಮಂಗಲ. ನಡುವ ಎಷ್ಟ್ ಹೊತ್ತದ!"

ನಾನು ಗಾಡಿಯಲ್ಲಿ ಹೋಗಿ ಕೂತೆ. ಸೀಟು ಕಾದ ಹಂಚಿನಂತಿತ್ತು. ಅಲ್ಲೇ ಕೂತೆ, ಹಟಕ್ಕೆ.

ಅಫಜಲಪುರದಲ್ಲಿ ಪ್ರಮಿಲಾಳನ್ನು ಇಳಿಸಬೇಕಿತ್ತು, ಅಷ್ಟೇ. ಆದರೆ ಅವಳ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಚೈತ್ರದಿಂದ ಕೂತಿದ್ದ ಗೌರಿಗೆ ಅಂದೇ ಕೊನೆಯ ದಿನ. ಮನೆಗೆ ಬಂದ ಮುತ್ತೈದೆಯರು ಅರಿಷಿಣ ಕುಂಕುಮ ತೆಗೆದುಕೊಳ್ಳದೆ ಹೋಗುವ ಹಾಗಿಲ್ಲ.

"ಮುಂಜಾನೆ ಗಡಿಬಿಡಿಯೊಳಗ ಹಂಗೇ ಹೋದ್ರಿ. ಈಗ ಒಳಗ ಬರ್ರಿ. ಉಡಿ ತುಂಬ್ತೇನಿ" ಎಂದರು.

"ಅತ್ತಿ, ಗುರಮ್ಮಗ ಅವಸರ ಅದ" ಎಂದಳು ಪ್ರಮಿಲಾ. ಒಳ್ಳೆಯವಳು.

"ಅರಿಷಿಣ ಕುಂಕುಮಕ್ಕ ಅವಸರ ಇರ್ತದೇನು? ಎರಡು ನಿಮಿಷ."

ಇದಕ್ಕೆ ಬೇಡವೆನ್ನುವ ನಾಲಿಗೆ ನನಗಿಲ್ಲ. ಒಳಗೆ ಹೋದೆವು. ಗೌರಿಯ ಮುಂದೆ ನೆರೆಮನೆಯವರು ಸಾಲಾಗಿ ಕೂತಿದ್ದರು. ಸಾಲು ನಮ್ಮ ತನಕ ಬರಬೇಕಲ್ಲ. ಅಷ್ಟರಲ್ಲಿ ಒಬ್ಬರು ಹಾಡು ಹೇಳಿದರು. ಹಾಡು ಮುಗಿಯದೆ ಅತ್ತೆ ಏಳಲಿಲ್ಲ. ಆಮೇಲೆ ಪಾನಕ, ಆಮೇಲೆ ಮತ್ತೆ ಅದೇ ಕೋಸಂಬರಿ. ಉಡಿಯಲ್ಲಿ ಅಕ್ಕಿ, ಕಾಯಿ, ನೆನೆದ ಕಡಲೆ ಹಿಡಿದುಕೊಂಡು ನಾನು ಗೋಡೆ ನೋಡಿದೆ. ಮೊಳೆ ಖಾಲಿಯಿತ್ತು.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ. ಶೈಲಶ್ರೀ ಓಡಿ ಬಂದು ತೋಳು ಹಿಡಿದಳು.

"ಎಲ್ಲಿಗೆ ಬೇ?"

"ಬಸ್ಸಿಗೆ. ನಿನ್ನ ಗಾಡಿಗಿಂತ ಅದೇ ಜಲ್ದಿ ಮುಟ್ಟಸ್ತದ."

"ಆಳಂದ ಬಸ್ಸು ಈಗ ಹೋತು, ನಾ ಕಣ್ಣಾರೆ ನೋಡ್ದೆ. ಹತ್ತು ಗಾಡಿ. ಹಫೀಜಣ್ಣ, ಓಡಸ್ರಿ. ಎಲ್ಲೂ ನಿಲ್ಲೂದಿಲ್ಲ, ನನ್ನ ಮಕ್ಕಳ ಆಣಿ."

ಎಲ್ಲಿಯೂ ನಿಲ್ಲಲಿಲ್ಲ, ಅದು ಖರೆ. ದಾರಿಯುದ್ದಕ್ಕೂ ಕೊಯ್ದಿಟ್ಟ ತೊಗರಿಕಟ್ಟಿಗೆಯ ಬಣವೆ, ಖಾಲಿ ಕರಿಹೊಲ. ಊರೂರಿಗೂ ಬಸವ ಜಯಂತಿಯ ಮೆರವಣಿಗೆ. ಸಿಂಗರಿಸಿದ ಎತ್ತುಗಳ ಹಿಂದೆ ನಮ್ಮ ಗಾಡಿಯೂ ಎತ್ತಿನ ಹೆಜ್ಜೆಯಲ್ಲೇ ನಡೆಯಿತು. ಹಾರ್ನ್ ಹೊಡೆಯಲು ಹಫೀಜನಿಗೆ ಮನಸ್ಸಾಗಲಿಲ್ಲ, ಹೊಡಿ ಎನ್ನಲು ನನಗೂ ಆಗಲಿಲ್ಲ. ಎದುರಿಗೆ ಬಸವಣ್ಣನ ಫೋಟೊ ಹೊತ್ತವರಿದ್ದರು. ಕೈಮುಗಿದು, ಹಲ್ಲು ಕಚ್ಚಿ ಕೂತೆ. ಹಿಂದಿನ ಸೀಟಿನಲ್ಲಿ ಮನೀಷಾ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಶೈಲಶ್ರೀ ಮೊದಲ ಸಲ ಸುಮ್ಮನಿದ್ದಳು. ಬಿಸಿಲು ಕೆಂಪಾಯಿತು, ಆಮೇಲೆ ಬೂದಿಯಾಯಿತು.

ಮಟಕಿಯ ಗುಡಿ ಮುಂದೆ ಗಾಡಿ ನಿಂತಾಗ ಒಳಗೆ ದೀಪ ಹತ್ತಿತ್ತು. ಹಾಡಿನ ಸದ್ದಿರಲಿಲ್ಲ. ಬಕೆಟ್ಟಿನ ಸದ್ದು, ಪತ್ರಾವಳಿ ಹಾಸುವ ಸದ್ದು. ಅಂಗಳದಲ್ಲಿ ಪಂಕ್ತಿ ಕೂತಿತ್ತು, ಗೋಧಿ ಹುಗ್ಗಿ ಬಡಿಸುತ್ತಿದ್ದರು. ಬಡಿಸುತ್ತಿದ್ದವನು ನನ್ನ ಅಣ್ಣ ಮಲ್ಲಣ್ಣ. ನನ್ನನ್ನು ನೋಡಿ ಸೌಟು ಹಿಡಿದೇ ನಿಂತ.

"ಈಗ ಬಂದ್ಯೇನು? ಮಂಗಲ ಈಗಷ್ಟ ಆತು. ನಿನಗಂತ ಮುಂದಿನ ಸಾಲಿನ್ಯಾಗ ಜಾಗಾ ಹಿಡಿದಿದ್ದೆ."

ನಾನು ಉಡಿಯ ಅಕ್ಕಿಯನ್ನು ಬಿಗಿಯಾಗಿ ಹಿಡಿದುಕೊಂಡು ಕಂಬಕ್ಕೆ ಒರಗಿದೆ. ಒಳಗಿನ ಕಟ್ಟೆಯ ಮೇಲೆ ಶಾಂತಲಿಂಗಪ್ಪ ಮುತ್ಯಾ ಕೂತಿದ್ದರು. ಹೆಗಲಿಗೆ ಹೊದಿಸಿದ ಶಾಲನ್ನು ಆಗಲೇ ಮಡಿಚಿ ಪಕ್ಕಕ್ಕಿಟ್ಟು, ಲೋಟದ ಬಿಸಿ ಹಾಲನ್ನು ಊದಿ ಊದಿ ಕುಡಿಯುತ್ತಿದ್ದರು. ಬರೀ ಒಬ್ಬ ಮುದುಕ ಹಾಲು ಕುಡಿಯುತ್ತಿರುವಂತೆ ಕಾಣುತ್ತಿತ್ತು.

ಶೈಲಶ್ರೀ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನನಗೆ ಕಂಡಿತು. ಸೆರಗು ಸರಿಮಾಡಿಕೊಂಡು ನೇರ ಒಳಗೆ ಹೋದಳು. ನಾನು ಹಿಂದೆ ಹೋದೆ.

"ಶರಣಾರ್ಥಿರಿ, ಮುತ್ಯಾ."

"ಶರಣಾರ್ಥಿ. ಯಾರವ್ವ?"

"ನಾ ಜೇವರ್ಗಿಯಾಕಿರಿ. ಇಕಿ ನಿಮ್ಮೂರ ಮಗಳು ಗುರಮ್ಮ, ಮಲ್ಲಣ್ಣನ ತಂಗಿ."

ಮುತ್ಯಾ ಲೋಟ ಕೆಳಗಿಟ್ಟು ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. "ಗುರವ್ವ? ನಿಮ್ಮವ್ವ ಆ ಕಂಬದ ಬುಡಕ ಕೂಡ್ತಿದ್ಲು. ಬಾ ತಂಗಿ. ಹುಗ್ಗಿ ಅದ, ಉಣ್ಣು ಹೋಗು."

"ಊಟ ಆಮ್ಯಾಲ್ರಿ" ಶೈಲಶ್ರೀ ಅವರ ಪಾದದ ಹತ್ತಿರ ಕೂತಳು. "ತಪ್ಪು ನಂದದ ಮುತ್ಯಾ. ನಾಲ್ಕಕ್ಕ ಮುಟ್ಟಸ್ತೇನಿ ಅಂತ ಆಣಿ ಮಾಡಿ ಕರ್ಕೊಂಡ ಹೋಗಿ, ನದಿ ದಂಡ್ಯಾಗ ತಡಾ ಮಾಡಿಬಿಟ್ಟೆ. ಇಕಿ ಪಾಪ, ಒಂದು ಮಾತು ಬೈಲಿಲ್ಲ. ಪೂರಾ ಬ್ಯಾಡ್ರಿ. ಧಾಟಿ ಬದಲಾಗ್ತದಂತಲ್ಲ, ಅಲ್ಲಿಂದ ನಾಲ್ಕೇ ನುಡಿ. ಮಂದಿ ಎಲ್ಲ ಅಂಗಳದಾಗ ಉಣ್ಣಾಕತ್ಯಾರ, ಯಾರಿಗೂ ಕೇಳೂದಿಲ್ಲ. ಇಕಿ ಕಿವ್ಯಾಗ ಹೇಳಿದ್ರೂ ನಡೀತದ."

ಹೀಗೆ ಯಾರಾದರೂ ಮಾತಾಡಿದರೆ ಕಲ್ಲೂ ಕರಗಬೇಕು. ಅವಳು ಎದುರಿನವರನ್ನು ಒಲಿಸಿಕೊಳ್ಳುವಾಗಲೆಲ್ಲ ಅಂದು ಬೆಳಗಿನಿಂದ ನಾನು ಒಳಗೊಳಗೆ ಕುದಿಯುತ್ತಿದ್ದೆ. ಒಬ್ಬರಾದರೂ ಇವಳಿಗೆ ಆಗುವುದಿಲ್ಲ ಎನ್ನಬಾರದೇ ಎಂದುಕೊಂಡಿದ್ದೆ. ಈಗ ಮಾತ್ರ ಅವಳ ಮಾತು ಗೆಲ್ಲಲಿ ಎಂದು ಉಸಿರು ಹಿಡಿದು ನಿಂತೆ. ಎದೆಯ ಮೇಲಿನ ಲಿಂಗವನ್ನು ಸೀರೆಯ ಮೇಲಿಂದಲೇ ಒತ್ತಿ ಹಿಡಿದುಕೊಂಡೆ.

ಮುತ್ಯಾ ಅವಳ ಮಾತನ್ನು ಕೊನೆಯವರೆಗೂ ಕೇಳಿದರು. ಆಮೇಲೆ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ.

"ಮಂಗಲ ಹಾಡಿಬಿಟ್ಟೇನಿ ತಂಗಿ" ಎಂದರು.

"ಗೊತ್ತದ ಮುತ್ಯಾ. ಆದ್ರ ಒಂದೇ ಒಂದು..." ಎಂದಳು ಶೈಲಶ್ರೀ.

"ಇಲ್ಲವ್ವ. ಹೇಳೂದಿಲ್ಲ."